ವ್ಯಾಯಾಮ ಬೇಡ, ಮೈ ಮಾತ್ರ ಗಟ್ಟಿ ಇರಬೇಕು: ಪದೇ ಪದೇ ಕೇಳುವ ಪ್ರಶ್ನೆಗಳು

ಒಂದು ಜಿಮ್‌ಗೆ ಇಡೀ ವರ್ಷದ ಫೀ ಒಮ್ಮೆಲೇ ಕಟ್ಟಿ, ಹನ್ನೊಂದು ದಿನ ಹೋಗಿ, ಹನ್ನೆರಡನೇ ದಿನ ಜ್ವರ ಅಂತ ಸುಳ್ಳು ಹೇಳಿ ಮನೆಯಲ್ಲಿ ಉಳಿದವಳು ನಾನು. ಊರು ಹುಬ್ಬಳ್ಳಿ, ತವರು ಗದಗ. ದಿನಕ್ಕೆ ಎಂಟು ತಾಸು ಕುರ್ಚಿಯ ಮೇಲೆ ಕೂತು ಮಾಡುವ ಕೆಲಸ. ಜಿಮ್ ಬಿಟ್ಟ ಮೇಲೆ ಏನೇನೋ ಮಾಡಿ ನೋಡಿದೆ. ಕೆಲವು ಹಿಡಿಸಿದವು, ಕೆಲವು ಇಲ್ಲ. ಅದನ್ನು ನೋಡಿ ಓಣಿಯವರು, ಆಫೀಸಿನವರು, ಬೀಗರು ಕೇಳಿದ ಪ್ರಶ್ನೆಗಳು ಇವು. ನಾನು ಡಾಕ್ಟರ್ ಅಲ್ಲ. ಎದೆನೋವು, ತಲೆಸುತ್ತು, ನಾಲ್ಕು ಹೆಜ್ಜೆಗೇ ಏದುಸಿರು ಇದ್ದವರು ಮೊದಲು ಡಾಕ್ಟರ್ ಹತ್ತಿರ ಹೋಗಿ, ಆಮೇಲೆ ಇಲ್ಲಿಗೆ ಬನ್ನಿ.

ವ್ಯಾಯಾಮ ಅಂದ್ರೇ ನನಗೆ ಆಗಲ್ಲ. ನಾನು ಸೋಮಾರಿನಾ?

ಅನಿಸುವುದಿಲ್ಲ. ಒಂದು ಕೆಲಸ ಮಾಡಿ. ನಿಮಗೆ ಆಗದೇ ಇರುವುದು ಏನು ಅಂತ ಸರಿಯಾಗಿ ನೆನಪಿಸಿಕೊಳ್ಳಿ. ನನಗೆ ಆಗದೇ ಇದ್ದದ್ದು ಎರಡು. ಗೋಡೆ ತುಂಬ ಇದ್ದ ಕನ್ನಡಿ, ಮತ್ತು "ಇನ್ನೂ ಹತ್ತು, ಇನ್ನೂ ಒಂಬತ್ತು" ಅನ್ನುವ ಎಣಿಕೆ. ಮೈ ಅಲ್ಲಾಡಿಸುವುದಕ್ಕೆ ನನ್ನ ತಕರಾರು ಇರಲಿಲ್ಲ. ಅದೇ ತಿಂಗಳು ತಮ್ಮನ ಮದುವೆಗೆ ಸೀರೆಗೆ ಹೊಂದುವ ಕುಬಸದ ಬಟ್ಟೆ ಹುಡುಕುತ್ತ ದುರ್ಗದಬೈಲು, ಷಾ ಬಜಾರ್ ಎಲ್ಲ ಮೂರು ತಾಸು ತಿರುಗಿದ್ದೆ. ಒಮ್ಮೆಯೂ ಗಡಿಯಾರ ನೋಡಲಿಲ್ಲ.

ನಮ್ಮ ಕಡೆಯ ಹಿರಿಯರನ್ನು ನೋಡಿ. "ವಾಕಿಂಗ್ ಹೋಗ್ರಿ" ಅಂದರೆ ಮುಖ ಗಂಟು ಹಾಕುವವರು ಧಾರವಾಡದಿಂದ ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ನಡೆದೇ ಹೋಗುತ್ತಾರೆ. ಸುಮಾರು 40 ಕಿಲೋಮೀಟರ್. ಅವರು ಅದನ್ನು ವ್ಯಾಯಾಮ ಅಂತ ಕರೆಯುವುದಿಲ್ಲ, ಅಷ್ಟೇ. ನಾನು ಹುಡುಕಿದ್ದೂ ಅದನ್ನೇ: ವ್ಯಾಯಾಮ ಅಂತ ಹೆಸರಿಲ್ಲದ, ಎಣಿಕೆ ಮರೆಸುವ ಕೆಲಸ.

ಎಷ್ಟು ಮಾಡಿದರೆ ಸಾಕು?

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ ಲೆಕ್ಕ ಇದು. ದೊಡ್ಡವರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮ. ಇಲ್ಲವೇ 75ರಿಂದ 150 ನಿಮಿಷ ಜೋರಾದ ಶ್ರಮ. ಅದರ ಜೊತೆ ವಾರಕ್ಕೆ ಎರಡು ದಿನ ಸ್ನಾಯುಗಳಿಗೆ ಭಾರ ಬೀಳುವ ಕೆಲಸ. ಮೊದಲು "ಒಮ್ಮೆಗೆ ಕನಿಷ್ಠ 10 ನಿಮಿಷ ಮಾಡಿದರೆ ಮಾತ್ರ ಲೆಕ್ಕ" ಅನ್ನುತ್ತಿದ್ದರು. ಆ ಷರತ್ತನ್ನು ತೆಗೆದಿದ್ದಾರೆ. ಐದು ನಿಮಿಷವೂ ಈಗ ಲೆಕ್ಕಕ್ಕೆ ಬರುತ್ತದೆ. ನಮ್ಮಂಥವರಿಗೆ ಇದು ದೊಡ್ಡ ಸುದ್ದಿ.

ಮಧ್ಯಮ ಶ್ರಮ ಅಂದ್ರೆ ಯಾವುದು ಅಂತ ತಿಳಿಯಲು ಯಂತ್ರ ಬೇಡ. ಮಾತಾಡಲು ಬರಬೇಕು, ಹಾಡಲು ಬರಬಾರದು. ಹಾಡು ಬಂದರೆ ಇನ್ನೂ ಸ್ವಲ್ಪ ಜೋರಾಗಿ ನಡೆಯಿರಿ. ಮಾತೇ ಬರದಿದ್ದರೆ ಅದು ಜೋರಾದ ಶ್ರಮ. ಹಾಡುಗಾರರ ಊರಾದ ಧಾರವಾಡದಲ್ಲಿ ಈ ಪರೀಕ್ಷೆ ಸರಿಹೋಗುತ್ತೋ ಇಲ್ಲವೋ, ನನ್ನಂಥ ಬೇಸೂರಿಗರಿಗೆ ಸಾಕು.

ದಿನಾ 10,000 ಹೆಜ್ಜೆ ಹಾಕಲೇಬೇಕಾ?

ಇಲ್ಲ. ಆ ಸಂಖ್ಯೆ ಆಸ್ಪತ್ರೆಯಿಂದ ಬಂದದ್ದಲ್ಲ, ಅಂಗಡಿಯಿಂದ ಬಂದದ್ದು. 1965ರಲ್ಲಿ ಜಪಾನಿನಲ್ಲಿ ಹೆಜ್ಜೆ ಎಣಿಸುವ ಒಂದು ಯಂತ್ರ ಮಾರಾಟಕ್ಕೆ ಬಂತು. ಅದರ ಹೆಸರು ಮಾನ್ಪೋ-ಕೇ, ಅಂದ್ರೆ ಹತ್ತು ಸಾವಿರ ಹೆಜ್ಜೆಯ ಮೀಟರು. ಹೆಸರು ಜನರ ಬಾಯಲ್ಲಿ ಕೂತುಬಿಟ್ಟಿತು. ಅದಕ್ಕಿಂತ ಕಡಿಮೆ ಹೆಜ್ಜೆಗೂ ಒಳ್ಳೆಯ ಲಾಭ ಇದೆ ಅಂತ ಆಮೇಲಿನ ಅಧ್ಯಯನಗಳು ತೋರಿಸಿವೆ. ನೀವು ಈಗ ದಿನಕ್ಕೆ ಎರಡು ಸಾವಿರ ನಡೆಯುತ್ತಿದ್ದರೆ ನಾಲ್ಕು ಸಾವಿರ ಮಾಡಿ. ಗುರಿ ಮುಟ್ಟಿದಿರಿ ಅಂತ ಮೊಬೈಲು ಹಬ್ಬ ಮಾಡದಿದ್ದರೂ ಪರವಾಗಿಲ್ಲ.

ಸುಮ್ನೆ ಪಾರ್ಕಿನಲ್ಲಿ ಸುತ್ತು ಹೊಡೆಯುವುದು ಗಾಣದ ಎತ್ತಿನ ಹಾಗೆ ಅನಿಸುತ್ತದೆ. ಏನು ಮಾಡಲಿ?

ಸುತ್ತು ಹೊಡೆಯಬೇಡಿ. ಎಲ್ಲಿಗಾದರೂ ಹೋಗಿ. ನಡಿಗೆಗೆ ಒಂದು ನೆಪ ಇರಬೇಕು.

ನನ್ನ ಮೊದಲ ನೆಪ ನಮ್ಮೂರ ರೈಲ್ವೆ ನಿಲ್ದಾಣ. ಶ್ರೀ ಸಿದ್ಧಾರೂಢ ಸ್ವಾಮೀಜಿ ನಿಲ್ದಾಣದ ದೊಡ್ಡ ಪ್ಲಾಟ್‌ಫಾರ್ಮ್ 1,507 ಮೀಟರ್ ಉದ್ದ ಇದೆ. 2023ರ ಮಾರ್ಚ್‌ನಲ್ಲಿ ಉದ್ಘಾಟನೆ ಆಯಿತು. ಜಗತ್ತಿನಲ್ಲೇ ಅತಿ ಉದ್ದದ್ದು. ಅದಕ್ಕೂ ಮೊದಲು ಗೋರಖಪುರದ 1,366 ಮೀಟರ್ ಮೊದಲ ಸ್ಥಾನದಲ್ಲಿತ್ತು. ಒಮ್ಮೆ ಅತ್ತೆಯವರನ್ನು ಬೆಂಗಳೂರಿನ ರೈಲಿಗೆ ಹತ್ತಿಸಲು ಹೋಗಿದ್ದೆ. ಅವರ ಬೋಗಿ ಆ ತುದಿಗೆ. ಒಂದು ಕೈಯಲ್ಲಿ ಕಟಕ ರೊಟ್ಟಿಯ ಡಬ್ಬಿ, ಇನ್ನೊಂದರಲ್ಲಿ ಶೇಂಗಾ ಹಿಂಡಿಯ ಚೀಲ. ಅರ್ಧ ದಾರಿಯಲ್ಲಿ ಅತ್ತೆ ನಿಂತು, ಸೆರಗಿನಿಂದ ಮುಖ ಒರೆಸಿಕೊಂಡು ಕೇಳಿದರು: "ಏನವಾ, ಬೆಂಗಳೂರಿಗೆ ನಡಕೋಂತನ ಹೋಗೋದೇನು?" ಅವರನ್ನು ಹತ್ತಿಸಿ ವಾಪಸ್ ಬರುವಾಗ ಲೆಕ್ಕ ಹಾಕಿದೆ. ಹೋಗಿ ಬಂದರೆ ಮೂರು ಕಿಲೋಮೀಟರ್, ಮುಕ್ಕಾಲು ತಾಸಿಗೆ ಸ್ವಲ್ಪ ಕಡಿಮೆ. ಅಂದಿನಿಂದ ಯಾರನ್ನಾದರೂ ಬಿಡಲು ಹೋಗುವ ಕೆಲಸ ಇದ್ದರೆ ಮನೆಯಲ್ಲಿ ಮೊದಲು ಏಳುವವಳು ನಾನು. ಪ್ಲಾಟ್‌ಫಾರ್ಮ್ ಟಿಕೆಟ್ ಮರೆಯಬೇಡಿ. ಜನಜಂಗುಳಿ ಇದ್ದಾಗ ಅಲ್ಲಿ ಬಿರುಸಾಗಿ ನಡೆದು ಸಾಮಾನು ಹೊತ್ತವರಿಗೆ ಅಡ್ಡ ಆಗಬೇಡಿ.

ಧಾರವಾಡದವರಿಗೆ ಶನಿವಾರ ನುಗ್ಗಿಕೇರಿ ಹನುಮಪ್ಪ ಇದ್ದಾನೆ. ಬೇರೆ ದಿನ ಕೆಲಗೇರಿ ಕೆರೆ, ಸಾಧನಕೇರಿ, ವಿಶ್ವವಿದ್ಯಾಲಯದ ಮರಗಳ ನೆರಳು. ಧಾರವಾಡದ ರಸ್ತೆಗಳಲ್ಲಿ ಏರು ಇಳಿವು ಜಾಸ್ತಿ, ಹಾಗಾಗಿ ಕಡಿಮೆ ದೂರಕ್ಕೇ ಒಳ್ಳೆಯ ಶ್ರಮ ಆಗುತ್ತದೆ. ಹುಬ್ಬಳ್ಳಿಯಲ್ಲಿ ಏರು ಬೇಕಿದ್ದರೆ ನೃಪತುಂಗ ಬೆಟ್ಟ, ಸಪಾಟು ಬೇಕಿದ್ದರೆ ಉಣಕಲ್ ಕೆರೆ ಅಥವಾ ತೋಳನಕೆರೆ.

ಗದಗದವರ ಮೇಲೆ ನನಗೆ ಹೊಟ್ಟೆಕಿಚ್ಚು. ಹತ್ತಿರದಲ್ಲೇ ಲಕ್ಕುಂಡಿ. ನೂರೊಂದು ಗುಡಿ, ನೂರೊಂದು ಬಾವಿ ಅನ್ನುವ ಊರು. ಊರೊಳಗೆ ಮನೆಗಳ ನಡುವೆಯೇ ಒಂದೊಂದು ಗುಡಿ ಸಿಗುತ್ತದೆ. ಎಲ್ಲ ನೋಡಬೇಕೆಂದರೆ ಕಾಲಿಗೆ ಬೇರೆ ದಾರಿ ಇಲ್ಲ. ಮಾಣಿಕೇಶ್ವರ ಗುಡಿಯ ಪಕ್ಕದ ಮುಸುಕಿನ ಬಾವಿಯ ಹತ್ತಿರ ನಿಂತು ಮೆಟ್ಟಿಲುಗಳನ್ನು ನೋಡಿ. ಕಲ್ಲು ಕಡಿದವರು ನಮ್ಮ ಮೊಣಕಾಲಿಗೆ ರಿಯಾಯಿತಿ ಕೊಟ್ಟಿಲ್ಲ.

ಚಳಿಗಾಲದಲ್ಲಿ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಹಿಮಾಲಯ ದಾಟಿ ಪಟ್ಟೆತಲೆಯ ಹೆಬ್ಬಾತುಗಳು ಬರುತ್ತವೆ. 2024ರಲ್ಲಿ ಇದಕ್ಕೆ ರಾಮ್‌ಸಾರ್ ಪಟ್ಟ, ಅಂದ್ರೆ ಜಗತ್ತಿನ ಮಟ್ಟದಲ್ಲಿ ಮಹತ್ವದ ಜೌಗು ತಾಣ ಅನ್ನುವ ಮಾನ್ಯತೆ, ಸಿಕ್ಕಿತು. ಹಕ್ಕಿ ನೋಡುವ ಹುಚ್ಚು ಹತ್ತಿದರೆ ನಸುಕಿನಲ್ಲಿ ಏಳುವುದು, ಕೆರೆ ಬದಿಗೆ ನಡೆಯುವುದು, ಬಗ್ಗುವುದು, ಕೂರುವುದು ಎಲ್ಲ ತಾನಾಗಿಯೇ ಆಗುತ್ತದೆ. ಹಾವೇರಿಯವರಿಗೆ ಬಂಕಾಪುರ ಕೋಟೆ ಇದೆ. ಅರವತ್ತು ಕಂಬದ ನಗರೇಶ್ವರ ಗುಡಿ ನೋಡಿ, ನವಿಲು ಹುಡುಕುತ್ತ ಒಂದು ತಾಸು ಓಡಾಡಿ.

ಗದಗ ಜಿಲ್ಲೆಯ ಕಪ್ಪತಗುಡ್ಡ ಹತ್ತುವವರಿಗೆ ಒಂದು ಮಾತು. 2019ರಿಂದ ಅದು ವನ್ಯಜೀವಿಧಾಮ. ದಾರಿ ಬಿಟ್ಟು ಒಳಗೆ ನುಗ್ಗಬೇಡಿ, ಒಬ್ಬರೇ ಹೋಗಬೇಡಿ.

ನನಗೆ ಕುಣಿಯುವುದು ಇಷ್ಟ, ಆದರೆ ಜುಂಬಾ ಕ್ಲಾಸಿನಲ್ಲಿ ಹೆಜ್ಜೆ ತಪ್ಪುತ್ತದೆ.

ಫುಗಡಿಗೆ ಬನ್ನಿ, ಅಂದ್ರೆ ಇಬ್ಬರು ಕೈ ಹಿಡಿದು ಗಿರಗಿರ ತಿರುಗುವ ಆಟಕ್ಕೆ. ಅಲ್ಲಿ ಹೆಜ್ಜೆ ತಪ್ಪಿದರೆ ನಗು ಮಾತ್ರ, ಬೈಗುಳ ಇಲ್ಲ. ಚಿಕ್ಕವರಿದ್ದಾಗ ಆಡಿದ್ದು ಬಹಳ ಜನಕ್ಕೆ ಮರೆತೇ ಹೋಗಿದೆ. ಗದಗದ ನಮ್ಮ ತವರಿನಲ್ಲಿ ಒಂದು ಅರಿಶಿಣದ ರಾತ್ರಿ ನನ್ನ ವೈನಿ ನೆನಪು ಮಾಡಿಕೊಟ್ಟರು. ಅವರಿಗೆ ಐವತ್ತು ದಾಟಿದೆ. ಸೆರಗು ಸೊಂಟಕ್ಕೆ ಸಿಗಿಸಿ, "ಬಾ ಇಲ್ಲೆ, ಕೈ ಕೊಡು" ಅಂದರು. ಇಬ್ಬರೂ ಎದುರುಬದುರು ನಿಂತೆವು. ಕೈಗಳನ್ನು ಅಡ್ಡಡ್ಡ ಹಾಕಿ ಬಿಗಿಯಾಗಿ ಹಿಡಿದೆವು. ಕಾಲಿನ ತುದಿಗಳು ಹತ್ತಿರ, ಮೈ ಹಿಂದಕ್ಕೆ. ತೋಳು ನೆಟ್ಟಗಾಗುವವರೆಗೆ ಹಿಂದಕ್ಕೆ ಬಾಗಿ ಸಣ್ಣ ಸಣ್ಣ ಹೆಜ್ಜೆಯಲ್ಲಿ ತಿರುಗತೊಡಗಿದೆವು. ಮೊದಲು ನಿಧಾನ. ಆಮೇಲೆ ಗೋಡೆ, ದೀಪ, ಪಡಸಾಲೆಯಲ್ಲಿ ಕೂತವರ ಮುಖ ಎಲ್ಲ ಒಂದೇ ಗೆರೆ ಆಯಿತು. ಎರಡು ನಿಮಿಷಕ್ಕೆ ನನಗೆ ಮಾತು ಬರಲಿಲ್ಲ. ವೈನಿ ಮಾತ್ರ "ಇಷ್ಟಕ್ಕ ದಣಿದ್ಯಾ?" ಅಂತ ನಗುತ್ತಿದ್ದರು. ಮರುದಿನ ನನ್ನ ತೊಡೆ, ಮುಂಗೈ, ಬೆನ್ನು ಮೂರೂ ನೋವು. ಜಿಮ್‌ನಲ್ಲಿ ಈ ಮೂರಕ್ಕೂ ಬೇರೆ ಬೇರೆ ಯಂತ್ರ ಇತ್ತು.

ಎಚ್ಚರಿಕೆ ಮೂರು. ಕೈ ಬಿಟ್ಟರೆ ಇಬ್ಬರೂ ಹಿಂದಕ್ಕೆ ಬೀಳುತ್ತೀರಿ, ಹಾಗಾಗಿ ನಿಲ್ಲುವಾಗ ನಿಧಾನ ಮಾಡುತ್ತ ನಿಲ್ಲಬೇಕು. ನುಣುಪಾದ ಫರ್ಶಿಯ ಮೇಲೆ ಸಾಕ್ಸ್ ಹಾಕಿಕೊಂಡು ಆಡಬೇಡಿ. ತಲೆಸುತ್ತಿನ ತೊಂದರೆ ಇದ್ದವರಿಗೆ, ಬಸುರಿಯರಿಗೆ ಇದು ಬೇಡ.

ಕೋಲಾಟವೂ ಒಳ್ಳೆಯದೇ. ಕೋಲು ಎದುರಿನವರ ಕೋಲಿಗೆ ತಾಗಿಸಬೇಕು ಅನ್ನುವ ಗಮನದಲ್ಲಿ ಕಾಲು ದಣಿದದ್ದು ತಿಳಿಯುವುದಿಲ್ಲ. ಡೊಳ್ಳು ಕುಣಿತ ಕಲಿಯಲು ಸಿಕ್ಕರೆ ಬಿಡಬೇಡಿ. ಹೆಗಲಿಗೆ ಭಾರ, ಕಾಲಿಗೆ ಜಿಗಿತ, ಕೈಗೆ ಬಡಿತ. ಈಗ ಹೆಣ್ಣುಮಕ್ಕಳ ತಂಡಗಳೂ ಇವೆ. ಜಾನಪದಕ್ಕೆಂದೇ ಇರುವ ವಿಶ್ವವಿದ್ಯಾಲಯ ನಮ್ಮ ಪಕ್ಕದಲ್ಲೇ, ಶಿಗ್ಗಾಂವಿ ಹತ್ತಿರದ ಗೊಟಗೋಡಿಯಲ್ಲಿದೆ. ಇನ್ನು ಹೋಳಿ ಬಂದರೆ ಹುಬ್ಬಳ್ಳಿಯಲ್ಲಿ ಹೇಳುವುದೇ ಬೇಡ. ಜಗ್ಗಲಿಗೆ, ಹಲಗಿ ಬಡಿಯುತ್ತ ಮೆರವಣಿಗೆಯಲ್ಲಿ ಹೋದವರನ್ನು ಮರುದಿನ ಕೇಳಿ ನೋಡಿ, ತೋಳು ಎತ್ತಲು ಬರುತ್ತದೆಯೇ ಅಂತ.

ಜೋಕಾಲಿ ಆಡಿದರೆ ವ್ಯಾಯಾಮ ಆಗುತ್ತದೆ ಅಂತ ನೀವು ಹೇಳಿದಿರಂತೆ. ತಮಾಷೆಯಾ?

ಕೂತು ತೂಗಿಸಿಕೊಂಡರೆ ಇಲ್ಲ. ನಿಂತು ಜೀಕಿದರೆ ಹೌದು. ನಾಗರಪಂಚಮಿಗೆ ಬೇವಿನ ಗಿಡಕ್ಕೆ ಹಗ್ಗ ಕಟ್ಟಿ, ಮಣೆಯ ಮೇಲೆ ಇಬ್ಬರು ಎದುರುಬದುರು ನಿಂತು ಜೀಕುತ್ತಿದ್ದದ್ದು ನೆನಪಿದೆ ಅಲ್ವಾ? ಆ ಜೋಕಾಲಿ ಮೇಲೇರಬೇಕೆಂದರೆ ಒಂದು ಗುಟ್ಟು ಇದೆ. ತುದಿಗೆ ಹೋದಾಗ ಮೊಣಕಾಲು ಮಡಿಸಿ ಕೆಳಗಾಗಬೇಕು. ನಡುವಿಗೆ, ಅಂದ್ರೆ ನೆಲಕ್ಕೆ ಹತ್ತಿರ ಬಂದಾಗ ಎದ್ದು ನಿಲ್ಲಬೇಕು. ಅಲ್ಲಿ ವೇಗ ಅತಿ ಜಾಸ್ತಿ, ಹಗ್ಗದ ಎಳೆತವೂ ಜಾಸ್ತಿ. ಆ ಎಳೆತದ ವಿರುದ್ಧ ನೀವು ಮೈ ಎತ್ತುತ್ತೀರಿ. ನಿಮ್ಮ ತೊಡೆಯ ಆ ದುಡಿಮೆಯೇ ಜೋಕಾಲಿಯ ಎತ್ತರ ಆಗುತ್ತದೆ. ಒಂದು ಸಲ ಹೋಗಿ ಬರುವಷ್ಟರಲ್ಲಿ ಎರಡು ಬಸ್ಕಿ. ಮೂವತ್ತು ಸಲ ತೂಗಿದರೆ ಅರವತ್ತು. ಜಿಮ್‌ನಲ್ಲಿ ಅರವತ್ತು ಬಸ್ಕಿ ಹೊಡೆ ಅಂದರೆ ನಾನು ಅತ್ತುಬಿಡುತ್ತಿದ್ದೆ.

ಪಂಚಮಿಯಲ್ಲಿ ಉಂಡಿ ತಿನ್ನುವುದೂ ಇರುತ್ತದೆ. ಶೇಂಗಾ ಉಂಡಿ, ಎಳ್ಳುಂಡಿ, ತಂಬಿಟ್ಟು. ಒಂದಕ್ಕೊಂದು ವಜಾ ಆಗುತ್ತದೆ ಅಂತ ನಾನು ಹೇಳುವುದಿಲ್ಲ. ಹಗ್ಗ ಹಳೆಯದಾಗಿದೆಯೇ, ಕೊಂಬೆ ಗಟ್ಟಿ ಇದೆಯೇ ನೋಡಿ ಹತ್ತಿ. ಬಾಲ್ಯದ ತೂಕ ಈಗ ಇಲ್ಲ.

ಹಳೆಯ ಆಟ ಮತ್ತೆ ಆಡಬಹುದಾ?

ಖಂಡಿತ. ಲಗೋರಿ, ಚಿನ್ನಿದಾಂಡು, ಕುಂಟಾಟ, ಕೊಕ್ಕೊ, ಹಗ್ಗ ಜಿಗಿತ. ಕುಂಟಾಟದಲ್ಲಿ ಒಂದೇ ಕಾಲಿನ ಮೇಲೆ ಜಿಗಿಯುವುದರಿಂದ ಕಾಲಿನ ಬಲವೂ ಬರುತ್ತದೆ, ತೂಕದ ಹಿಡಿತವೂ ಬರುತ್ತದೆ. ಹಗ್ಗ ಜಿಗಿತ ಓಟದಷ್ಟೇ ಜೋರಾದ ಶ್ರಮ. ಮೊದಲ ವಾರ ಒಮ್ಮೆಗೆ ಅರ್ಧ ನಿಮಿಷ ಸಾಕು.

ನಲವತ್ತು ದಾಟಿದ ಕಾಕಾಗಳಿಗೆ ಒಂದು ಬುದ್ಧಿಮಾತು. ವರ್ಷವೆಲ್ಲ ಕೂತಿದ್ದು, ಭಾನುವಾರ ಮಕ್ಕಳ ಜೊತೆ ಕ್ರಿಕೆಟ್‌ನಲ್ಲಿ ಒಮ್ಮೆಲೇ ರನ್ ಓಡಲು ಹೋಗುತ್ತೀರಿ. ಹಿಮ್ಮಡಿಯ ಹಿಂದಿನ ನರ ಅನ್ನುತ್ತೇವಲ್ಲ, ಅದು ಕಿತ್ತುಹೋಗುವುದು ಇಂಥ ಹೊತ್ತಿನಲ್ಲೇ. ಮೊದಲು ಐದು ನಿಮಿಷ ನಡೆದಾಡಿ, ಹಗುರವಾಗಿ ಜಿಗಿದು, ಆಮೇಲೆ ಬ್ಯಾಟ್ ಹಿಡಿಯಿರಿ. ಮೊದಲ ಬಾಲಿಗೇ ಹೀರೋ ಆಗುವುದು ಬೇಡ.

ಈಸಾಡುವುದು?

ಮೊಣಕಾಲು ನೋವಿದ್ದವರಿಗೆ, ಮೈ ಭಾರ ಇದ್ದವರಿಗೆ ಇದರಷ್ಟು ಒಳ್ಳೆಯದು ಕಡಿಮೆ. ನೀರು ಮೈಯ ಭಾರ ಹೊರುತ್ತದೆ. ಈಸಲು ಬರದಿದ್ದರೂ ಎದೆಮಟ್ಟದ ನೀರಿನಲ್ಲಿ ನಡೆದರೆ ಸಾಕು.

ಆದರೆ ಗದಗ, ಹಾವೇರಿ ಹಳ್ಳಿಗಳ ಹುಡುಗರಿಗೆ ಜೋರಾಗಿಯೇ ಹೇಳುತ್ತೇನೆ. ಕೃಷಿ ಹೊಂಡಕ್ಕೆ ಇಳಿಯಬೇಡಿ. ನೀರು ಇಂಗಬಾರದೆಂದು ಅದರ ತಳಕ್ಕೂ ಬದಿಗೂ ಪ್ಲಾಸ್ಟಿಕ್ ಹಾಳೆ ಹಾಸಿರುತ್ತಾರೆ. ಅದರ ಮೇಲೆ ಪಾಚಿ ಕಟ್ಟುತ್ತದೆ. ಕಾಲು ನಿಲ್ಲುವುದಿಲ್ಲ, ಕೈಗೆ ಹಿಡಿತ ಸಿಗುವುದಿಲ್ಲ. ಚೆನ್ನಾಗಿ ಈಸು ಬರುವವನೂ ಮೇಲೆ ಹತ್ತಲಾಗದೆ ದಣಿದು ಮುಳುಗುತ್ತಾನೆ. ಯಾರಾದರೂ ಬಿದ್ದರೆ ನೀವು ಹಾರಬೇಡಿ, ಹಗ್ಗ ಎಸೆಯಿರಿ, ಜನರನ್ನು ಕೂಗಿ. ಕಲಿಯುವುದಿದ್ದರೆ ಕಾಯುವವರು ಇರುವ ಈಜುಕೊಳದಲ್ಲಿ ಕಲಿಯಿರಿ.

ಮನೆಗೆಲಸ ಲೆಕ್ಕಕ್ಕೆ ಬರುತ್ತದಾ?

ಬರುತ್ತದೆ. ಆದರೆ ಈ ಮಾತನ್ನು ಯಾರು ಹೇಳುತ್ತಾರೆ ಅನ್ನುವುದರ ಮೇಲೆ ನನ್ನ ಉತ್ತರ ಇದೆ. ಹೆಂಗಸರು ಸಂಜೆ ಹೊರಗೆ ಹೊರಟರೆ "ಮನಿ ಕೆಲಸನ ವ್ಯಾಯಾಮ, ಮತ್ತ ಯಾಕ ವಾಕಿಂಗ್?" ಅನ್ನುವವರಿದ್ದಾರೆ. ಅವರಿಗೆ ಒಂದು ವಾರ ನೆಲ ಒರೆಸಲು ಕೊಡಿ.

ಕಸ ಹೊಡೆಯುವುದು, ನೆಲ ಒರೆಸುವುದು, ಬಟ್ಟೆ ಒಗೆಯುವುದು, ಹಿತ್ತಿಲು ಅಗೆಯುವುದು ಇವೆಲ್ಲ ಮಧ್ಯಮ ಶ್ರಮದ ಹತ್ತಿರ ಬರುತ್ತವೆ. ರೊಟ್ಟಿ ಬಡಿಯುವುದು ತೋಳಿಗೆ, ಹೆಗಲಿಗೆ ದುಡಿಮೆ. ಆದರೆ ಕಾಲು, ಉಸಿರು ಅಲ್ಲಿ ಸುಮ್ನೆ ಕೂತಿರುತ್ತವೆ. ದಿನಕ್ಕೆ ಇಪ್ಪತ್ತು ರೊಟ್ಟಿ ಬಡಿದವಳಿಗೆ ಹೆಗಲು ನೋವು ಬರಬಹುದು, ಮೆಟ್ಟಿಲು ಹತ್ತಿದಾಗ ಏದುಸಿರೂ ಬರಬಹುದು. ಎರಡೂ ಒಟ್ಟಿಗೆ. ಅದೂ ಅಲ್ಲದೆ ಮನೆಗೆಲಸದಲ್ಲಿ ತಲೆಗೆ ಬಿಡುವು ಇಲ್ಲ. ಒಲೆ ಮೇಲೆ ಹಾಲು ಇರುತ್ತದೆ. ಹಾಗಾಗಿ ನಿಮ್ಮದೇ ಅಂತ ಅರ್ಧ ತಾಸು ಬೇರೆ ಇರಲಿ.

ಜಿಮ್ ಇಲ್ಲದೆ ಬಲ ಹೇಗೆ ಬರುತ್ತದೆ?

ಮೂವತ್ತು ದಾಟಿದ ಮೇಲೆ ಸ್ನಾಯು ನಿಧಾನವಾಗಿ ಕರಗುತ್ತ ಹೋಗುತ್ತದೆ. ಬಳಸದಿದ್ದರೆ ಇನ್ನೂ ಬೇಗ. ಹಾಗಾಗಿ ಭಾರ ಎತ್ತುವುದು ಬೇಕೇಬೇಕು. ಅದಕ್ಕೆ ನಮ್ಮಲ್ಲಿ ಕೊರತೆ ಇಲ್ಲ.

ದಿನ ಬಿಟ್ಟು ದಿನ ಕಾದು ನೀರು ಹಿಡಿಯುವ ಓಣಿಗಳಲ್ಲಿ ನೀರು ಬಂದ ದಿನ ಎಲ್ಲರೂ ಪೈಲ್ವಾನರೇ. ಕೊಡ ಎತ್ತುವಾಗ ಬೆನ್ನು ಬಗ್ಗಿಸಬೇಡಿ. ಕೊಡದ ಹತ್ತಿರ ನಿಂತು, ಮೊಣಕಾಲು ಮಡಿಸಿ ಕೂತು, ಕೊಡವನ್ನು ಮೈಗೆ ಹತ್ತಿರ ತಂದು, ಕಾಲಿನ ಬಲದಿಂದ ಏಳಿ. ಒಂದು ಸಲ ಎಡಕ್ಕೆ, ಒಂದು ಸಲ ಬಲಕ್ಕೆ ಹೊರಿ. ನಮ್ಮಲ್ಲಿ ಬಹಳ ಜನರಿಗೆ ಒಂದೇ ಸೊಂಟದ ಮೇಲೆ ಹೊತ್ತು ಅಭ್ಯಾಸ.

ಸಂತೆಯಿಂದ ಬರುವಾಗ ಕಾಯಿಪಲ್ಲೆಯನ್ನು ಎರಡು ಚೀಲಕ್ಕೆ ಸಮ ಮಾಡಿ ಹಂಚಿ, ಎರಡು ಕೈಯಲ್ಲಿ ಹಿಡಿದು, ಹೆಗಲು ಕೆಳಗೆ ಬಿಡದೆ ನಡೆದು ಬನ್ನಿ. ಆಟೋ ಬೇಡ ಅಂದಿಲ್ಲ, ಕೊನೆಯ ಅರ್ಧ ಕಿಲೋಮೀಟರ್‌ಗೆ ಬೇಡ ಅಂತಿದ್ದೇನೆ. ಇದಕ್ಕಿಂತ ಸುಲಭದ್ದು ಬೇಕಾದರೆ, ಕುರ್ಚಿಯಿಂದ ಕೈ ಊರದೆ ಹತ್ತು ಸಲ ಎದ್ದು ಕೂರಿ. ಅಡಿಗೆಮನೆಯ ಕಟ್ಟೆಗೆ ಕೈ ಊರಿ, ಮೈ ಓರೆ ಮಾಡಿ ದಂಡ ಹೊಡೆಯಿರಿ. ಚಹಾ ಕುದಿಯುವಷ್ಟರಲ್ಲಿ ಮುಗಿಯುತ್ತದೆ.

ಗರಡಿಮನೆಗೆ ಹೋಗಬಹುದಾ?

ಹತ್ತಿರದಲ್ಲಿ ಇದ್ದರೆ, ಉಸ್ತಾದರು ಒಪ್ಪಿದರೆ ಹೋಗಿ. ನನ್ನ ತಮ್ಮ ಆರು ತಿಂಗಳು ಹೋದ. ಕುಸ್ತಿ ಕಲಿತನೋ ಇಲ್ಲವೋ, ಮಣ್ಣು ಹದ ಮಾಡುವುದನ್ನಂತೂ ಕಲಿತ. ಕೆಂಪು ಮಣ್ಣನ್ನು ಸಲಿಕೆಯಿಂದ ಅಗೆದು, ಹೊರಳಿಸಿ, ಮತ್ತೆ ಸಮ ಮಾಡುವುದೇ ಅರ್ಧ ತಾಸಿನ ಕೆಲಸ. "ಕುಸ್ತಿಗಿಂತ ಮೊದಲ ನನ್ನ ಮಣ್ಣು ಮುಕ್ಕಿಸ್ತಾರ" ಅಂತ ಮನೆಗೆ ಬಂದು ಗೊಣಗುತ್ತಿದ್ದ. ಆದರೆ ಒಂದು ದಿನವೂ ತಪ್ಪಿಸಲಿಲ್ಲ.

ಆಫೀಸಿಗೆ ಹುಬ್ಬಳ್ಳಿ–ಧಾರವಾಡ ಓಡಾಡುತ್ತೇನೆ. ಸಮಯವೇ ಇಲ್ಲ.

ಎರಡೂ ಊರಿನ ನಡುವೆ ಓಡುವ ಚಿಗರಿ ಬಸ್ಸು ಹತ್ತಿ ಕೂತ ಮಾತ್ರಕ್ಕೆ ನಾವು ಚಿಗರಿ, ಅಂದ್ರೆ ಜಿಂಕೆ, ಆಗುವುದಿಲ್ಲ. ಒಂದು ನಿಲ್ದಾಣ ಮೊದಲೇ ಇಳಿದು ನಡೆಯಿರಿ, ಬರುವಾಗ ಒಂದು ನಿಲ್ದಾಣ ಮುಂದೆ ಹೋಗಿ ಹತ್ತಿ. ದಿನಕ್ಕೆ ಇಪ್ಪತ್ತು ನಿಮಿಷ ಅಂತ ಇಟ್ಟುಕೊಂಡರೂ ಐದು ದಿನಕ್ಕೆ ನೂರು ನಿಮಿಷ. ಫೋನ್ ಬಂದರೆ ಎದ್ದು ನಿಂತು ಮಾತಾಡಿ. ಊಟ ಆದ ಮೇಲೆ ಹತ್ತು ನಿಮಿಷ ಆಫೀಸಿನ ಹೊರಗೆ ಓಡಾಡಿ. ಊಟದ ನಂತರದ ನಡಿಗೆಯಿಂದ ರಕ್ತದಲ್ಲಿ ಸಕ್ಕರೆ ಏರುವುದು ಕಡಿಮೆಯಾಗುತ್ತದೆ, ಯಾಕಂದ್ರೆ ದುಡಿಯುವ ಸ್ನಾಯು ಅದನ್ನು ಎಳೆದುಕೊಳ್ಳುತ್ತದೆ.

ಶುಗರ್ ಇದೆ, ಬಿಪಿ ಇದೆ. ಇದೆಲ್ಲ ಮಾಡಬಹುದಾ?

ಸಾಮಾನ್ಯವಾಗಿ ಮಾಡಲೇಬೇಕು ಅಂತ ಡಾಕ್ಟರರೇ ಹೇಳುತ್ತಾರೆ. ಆದರೆ ಎಷ್ಟು, ಹೇಗೆ ಅಂತ ಅವರನ್ನೇ ಕೇಳಿ. ಇನ್ಸುಲಿನ್ ಅಥವಾ ಕೆಲವು ಮಾತ್ರೆ ತಗೊಳ್ಳುವವರಿಗೆ ಶ್ರಮದಿಂದ ಸಕ್ಕರೆ ತೀರಾ ಇಳಿಯಬಹುದು. ಕೈ ನಡುಕ, ಬೆವರು, ಕಣ್ಣು ಮಂಜಾಗುವುದು ಅದರ ಗುರುತು. ಕಿಸೆಯಲ್ಲಿ ಸಕ್ಕರೆ ಅಥವಾ ಬೆಲ್ಲ ಇರಲಿ. ಬರಿಗಾಲಿನಲ್ಲಿ ನಡೆಯಬೇಡಿ, ಮನೆಗೆ ಬಂದು ಅಂಗಾಲು ನೋಡಿಕೊಳ್ಳಿ. ಬಿಪಿ ಇದ್ದವರು ಭಾರ ಎತ್ತುವಾಗ ಉಸಿರು ಬಿಗಿ ಹಿಡಿಯಬಾರದು.

ಮೊಣಕಾಲು ನೋವು. ಏನು ಬಿಡಬೇಕು?

ಜಿಗಿತ ಬಿಡಿ, ಇಳಿಜಾರು ಕಡಿಮೆ ಮಾಡಿ. ಹತ್ತುವುದಕ್ಕಿಂತ ಇಳಿಯುವಾಗ ಮೊಣಕಾಲಿಗೆ ಕಷ್ಟ ಜಾಸ್ತಿ. ಸೈಕಲ್, ನೀರು, ಸಪಾಟು ನೆಲ ಒಳ್ಳೆಯದು. ಪೂರ್ತಿ ಕೂತುಬಿಟ್ಟರೆ ತೊಡೆ ಸೊರಗಿ ಮೊಣಕಾಲಿನ ಮೇಲೆ ಇನ್ನೂ ಭಾರ ಬೀಳುತ್ತದೆ.

ಅವ್ವನಿಗೆ ಎಪ್ಪತ್ತು. ಅವರಿಗೆ ಏನು ಹೇಳಲಿ?

ಹೇಳಬೇಡಿ, ಜೊತೆಗೆ ಕರೆದುಕೊಂಡು ಹೋಗಿ. ಗುಡಿಗೆ, ತಂಗಿಯ ಮನೆಗೆ, ಕಾಯಿಪಲ್ಲೆಗೆ. ಆ ವಯಸ್ಸಿನಲ್ಲಿ ಮುಖ್ಯವಾದದ್ದು ಬೀಳದೇ ಇರುವುದು. ಗೋಡೆ ಅಥವಾ ಕಟ್ಟೆ ಹಿಡಿದು ಒಂದೊಂದು ಕಾಲಿನ ಮೇಲೆ ಹತ್ತು ಎಣಿಸುವಷ್ಟು ಹೊತ್ತು ನಿಲ್ಲಲಿ. ನಮ್ಮ ಅವ್ವ ಇದನ್ನು ಧಾರಾವಾಹಿಯ ಜಾಹೀರಾತು ಬಂದಾಗ ಮಾಡುತ್ತಾರೆ. ಜಾಹೀರಾತು ಎಷ್ಟು ಹೊತ್ತು ಬರುತ್ತದೆ ಅಂತ ನಿಮಗೂ ಗೊತ್ತು.

ಸೀರೆಯಲ್ಲಿ ಬೂಟು ಹಾಕಿಕೊಂಡು ಹೋದರೆ ಜನ ನಗುತ್ತಾರೆ.

ನಗುತ್ತಾರೆ. ಸುಮಾರು ಒಂದು ವಾರ. ಎಂಟನೇ ದಿನ "ಎಲ್ಲೆ ತಗೊಂಡ್ರಿ ಅಕ್ಕಾರ, ಎಷ್ಟು ಬಿತ್ತು?" ಅಂತ ಕೇಳುತ್ತಾರೆ. ನನಗೆ ಆದದ್ದು ಹೀಗೆಯೇ, ಈಗ ನಮ್ಮ ಓಣಿಯಲ್ಲಿ ಸೀರೆ ಮೇಲೆ ಬೂಟು ಹಾಕುವವರು ನಾಲ್ಕು ಜನ. ಸೀರೆ ತೊಂದರೆ ಕೊಡುವುದಿಲ್ಲ, ನೆರಿಗೆ ಒಂದಿಷ್ಟು ಮೇಲೆ ಇರಲಿ. ತೊಂದರೆ ಕೊಡುವುದು ಸವೆದ ಚಪ್ಪಲಿ. ಬಟ್ಟೆಗೆ ದುಡ್ಡು ಸುರಿಯಬೇಡಿ, ಬೂಟಿಗೆ ಹಾಕಿ.

ಏಪ್ರಿಲ್ ಬಿಸಿಲಲ್ಲಿ? ಮಳೆಯಲ್ಲಿ?

ಬೇಸಿಗೆಯಲ್ಲಿ ಎಂಟು ಗಂಟೆಯೊಳಗೆ ಮುಗಿಸಿ, ಇಲ್ಲವೇ ಸಂಜೆ ಹೊತ್ತು ಮುಳುಗಿದ ಮೇಲೆ. ಹೊರಡುವ ಮೊದಲು ನೀರು, ಬಂದ ಮೇಲೆ ಮಜ್ಜಿಗೆ. ಮಳೆಗಾಲದಲ್ಲಿ ಧಾರವಾಡದ ಜಿಟಿಜಿಟಿ ವಾರಗಟ್ಟಲೆ ಬಿಡುವುದಿಲ್ಲ. ಆಗ ಪಡಸಾಲೆಯಲ್ಲಿ ಫುಗಡಿ, ಮೆಟ್ಟಿಲು ಹತ್ತಿಳಿಯುವುದು, ಕೋಲಾಟ. ಪಾಚಿ ಹಿಡಿದ ಅಂಗಳದಲ್ಲಿ ಮಾತ್ರ ಬೇಡ.

ಇದರಿಂದ ತೂಕ ಇಳಿಯುತ್ತದಾ?

ಇದೊಂದರಿಂದಲೇ ಜಾಸ್ತಿ ಇಳಿಯುವುದಿಲ್ಲ. ಅರ್ಧ ತಾಸು ನಡೆದು, ವಾಪಸ್ ಬರುವಾಗ ಗಿರ್ಮಿಟ್ ಜೊತೆ ಎರಡು ಮಿರ್ಚಿ ಬಜಿ ತಿಂದರೆ ಲೆಕ್ಕ ನಿಮ್ಮ ವಿರುದ್ಧವೇ ಇರುತ್ತದೆ. ತೂಕ ತಟ್ಟೆಯಲ್ಲಿ ಇಳಿಯಬೇಕು. ಆದರೆ ನಿದ್ದೆ ಚೆನ್ನಾಗಿ ಬರುತ್ತದೆ, ಮೆಟ್ಟಿಲು ಸುಲಭ ಆಗುತ್ತದೆ, ಸಿಟ್ಟು ಕಡಿಮೆ ಆಗುತ್ತದೆ. ಕೊನೆಯದನ್ನು ನನ್ನ ಮನೆಯವರು ಹೇಳಿದ್ದು.

ಎರಡು ವಾರ ಮಾಡಿ ಬಿಟ್ಟುಬಿಡುತ್ತೇನೆ. ಪ್ರತಿ ಸಲ.

ಬಿಡಿ. ಆದರೆ ಬಿಟ್ಟು ಬೇರೆ ಹಿಡಿಯಿರಿ. ಫುಗಡಿ ಸಾಕಾದರೆ ಶಟ್ಲ್, ಅದು ಸಾಕಾದರೆ ಹಕ್ಕಿ. ಮೈಗೆ ಅದರಿಂದ ನಷ್ಟ ಇಲ್ಲ. ಇನ್ನೊಂದು, ನಿಮಗಾಗಿ ಯಾರಾದರೂ ಕಾಯುತ್ತಿರಲಿ. ನನಗೆ ಕಾಯುವವರು ಪಕ್ಕದ ಮನೆಯ ಮಾವಶಿ. ಬೆಳಿಗ್ಗೆ ಆರಕ್ಕೆ ಕಟ್ಟೆಯ ಮೇಲೆ ಕೂತಿರುತ್ತಾರೆ. ಹೋಗದಿದ್ದರೆ ಬಾಗಿಲು ಬಡಿಯುವುದಿಲ್ಲ, ಫೋನೂ ಮಾಡುವುದಿಲ್ಲ. ಸಂಜೆ ಎಲ್ಲರ ಎದುರಿಗೆ "ಯಾಕ, ಮೈಯಾಗ ಆರಾಮ ಇಲ್ಲೇನು?" ಅಂತ ಕೇಳುತ್ತಾರೆ. ಆ ಒಂದು ಪ್ರಶ್ನೆಗೆ ಹೆದರಿ ನಾನು ಚಳಿಗಾಲ ಪೂರ್ತಿ ಎದ್ದಿದ್ದೇನೆ.

ನೀವು ನಿಜವಾಗಿ ಏನು ಮಾಡುತ್ತೀರಿ? ಸುಳ್ಳು ಹೇಳದೆ ಹೇಳಿ.

ಸೋಮವಾರದಿಂದ ಗುರುವಾರ ಮಾವಶಿ ಜೊತೆ ಉಣಕಲ್ ಕೆರೆ, ಮೂವತ್ತು ನಿಮಿಷ. ಅದರಲ್ಲಿ ಐದು ನಿಮಿಷ ಮಾವಶಿ ನಿಂತು ಮಾತಾಡುವುದಕ್ಕೆ ಹೋಗುತ್ತದೆ. ವಾರಕ್ಕೆ ಎರಡು ಸಲ ಎರಡು ಚೀಲದ ಸಂತೆ. ಶುಕ್ರವಾರ ಸಂಜೆ ಟೆರೇಸಿನ ಮೇಲೆ ಓಣಿಯ ಹುಡುಗಿಯರ ಜೊತೆ ಕೋಲಾಟ ಅಂತ ಶುರು ಮಾಡಿದ್ದೇವೆ. ಸದ್ಯಕ್ಕೆ ಕೋಲಿಗಿಂತ ಬೆರಳಿಗೆ ಏಟು ಜಾಸ್ತಿ. ಶನಿವಾರ ಹುಕಿ ಬಂದರೆ ಬೆಟ್ಟ. ಭಾನುವಾರ ಏನೂ ಇಲ್ಲ. ಆವತ್ತು ಮಿರ್ಚಿ.